ಬಲಗಡೆ ಒಂದೊಂದೇ ಅಂಕಿ ಸೇರಿಸಿ ಅವಿಭಾಜ್ಯ ಸಂಖ್ಯೆ ಕಟ್ಟುತ್ತಾ ಹೋದರೆ ಎಲ್ಲಿ ನಿಲ್ಲುತ್ತದೆ?

ಅಂಕಿಆಟ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ತಲೆಗೆ ಹೊಕ್ಕಿದೆ, ಬಿಡುತ್ತಿಲ್ಲ. 7 ತಗೊಳ್ಳಿ, ಅದು ಅವಿಭಾಜ್ಯ ಸಂಖ್ಯೆ. ಅದರ ಬಲಕ್ಕೆ 3 ಬರೆದರೆ 73, ಅದೂ ಅವಿಭಾಜ್ಯ. ಆಮೇಲೆ 739. ಆಮೇಲೆ 7393. ಹೀಗೇ ಪ್ರತಿ ಸಲ ಬಲಗಡೆ ಒಂದೇ ಒಂದು ಅಂಕಿ ಸೇರಿಸುತ್ತಾ ಹೋಗಬೇಕು, ಸಿಗುವ ಪ್ರತಿಯೊಂದು ಸಂಖ್ಯೆಯೂ ಪ್ರೈಮ್ ಆಗಿರಬೇಕು, ಇಷ್ಟೇ ನಿಯಮ. ನಾನು ಹೋದ ದಾರಿ ಹೀಗಿದೆ: 7, 73, 739, 7393, 73939, 739391, 7393913, 73939133. ಅಲ್ಲಿಗೆ ನಿಂತುಹೋಯಿತು. ಮುಂದೆ ಯಾವ ಅಂಕಿ ಹಾಕಿದರೂ ಭಾಗವಾಗುವ ಸಂಖ್ಯೆಯೇ ಬರುತ್ತಿದೆ.

ನನ್ನ ಪ್ರಶ್ನೆ ಏನಂದ್ರೆ, ಬೇರೆ ದಾರಿ ಹಿಡಿದರೆ ಇನ್ನೂ ಉದ್ದಕ್ಕೆ ಹೋಗಬಹುದಾ? ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಅಂತ ಶಾಲೆಯಲ್ಲೇ ಓದಿದ್ದೇವೆ. ಹಾಗಿದ್ದ ಮೇಲೆ ಈ ಸಾಲುಗಳಲ್ಲಿ ಒಂದಾದರೂ ಕೊನೆಯಿಲ್ಲದೆ ಹೋಗಬೇಕಲ್ವಾ? ಎಲ್ಲ ಸಾಲೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಅನ್ನೋದಾದರೆ ಅದಕ್ಕೆ ಕಾರಣ ಏನು? ಉತ್ತರಕ್ಕಿಂತ ಕಾರಣ ತಿಳಿಯುವ ಆಸೆ ನನಗೆ ಜಾಸ್ತಿ. ದಯವಿಟ್ಟು ಬಿಡಿಸಿ ಹೇಳಿ.

ಮಗ್ಗಿಮೇಷ್ಟ್ರು:

ಒಳ್ಳೆ ಪ್ರಶ್ನೆ. ನೀವು ಹಿಡಿದ ದಾರಿಯೂ ಒಳ್ಳೆಯದೇ, 73939133ಕ್ಕಿಂತ ದೊಡ್ಡದು ಈ ನಿಯಮದಲ್ಲಿ ಇಲ್ಲವೇ ಇಲ್ಲ. ಯಾಕೆ ಅನ್ನೋದಕ್ಕೆ ಬರೋಣ.

ಮೊದಲು ಯಾವ ಅಂಕಿ ಸೇರಿಸಬಹುದು ನೋಡಿ. ಕೊನೆಗೆ 0, 2, 4, 6, 8 ಬಂದರೆ 2ರಿಂದ ಭಾಗವಾಗುತ್ತದೆ. 5 ಬಂದರೆ 5ರಿಂದ. ಉಳಿಯುವುದು 1, 3, 7, 9 ಮಾತ್ರ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಆದರೆ ಇನ್ನೊಂದು ತಡೆ ಇದೆ, ಈ ಆಟದ ಜೀವ ಇರೋದೇ ಅದರಲ್ಲಿ. ಅಂಕಿಗಳನ್ನೆಲ್ಲ ಕೂಡಿದಾಗ ಬರುವ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ 3ರಿಂದ ಭಾಗವಾಗುತ್ತದೆ ಅಂತ ಗೊತ್ತಲ್ಲ, ಅದನ್ನ ಇಲ್ಲಿ ಹಚ್ಚಿ ನೋಡಿ. 3 ಮತ್ತು 9 ಸೇರಿಸಿದರೆ ಮೊತ್ತದ ಶೇಷ ಬದಲಾಗುವುದಿಲ್ಲ. 1 ಅಥವಾ 7 ಸೇರಿಸಿದರೆ ಶೇಷ ಒಂದು ಏರುತ್ತದೆ. ಹಾಗಾಗಿ 2 ಅಥವಾ 5ರಿಂದ ಶುರು ಮಾಡಿದವರ ಕೈಯಲ್ಲಿ ಮೊದಲೇ ಶೇಷ 2 ಇದೆ, ಅವರು 1 ಅಥವಾ 7 ಹಾಕಿದ ತಕ್ಷಣ ಶೇಷ 0 ಆಗಿ ಸಂಖ್ಯೆ 3ರ ಮಗ್ಗಿಗೆ ಬಿದ್ದುಹೋಗುತ್ತದೆ. ಅವರಿಗೆ ಕೊನೆಯವರೆಗೂ 3 ಮತ್ತು 9 ಎರಡೇ ಗತಿ.

7ರಿಂದ ಹೊರಟರೆ ಶೇಷ 1. ಅವರು 1 ಅಥವಾ 7 ಅನ್ನು ಇಡೀ ದಾರಿಯಲ್ಲಿ ಒಂದೇ ಒಂದು ಸಲ ಬಳಸಬಹುದು, ಅದಾದ ಮೇಲೆ ಅವರಿಗೂ ಬರೀ 3 ಮತ್ತು 9. ನಿಮ್ಮ 73939133 ನೋಡಿ: ಮೊದಲ 7 ಬಿಟ್ಟರೆ 3, 9, 3, 9, ಆಮೇಲೆ ಒಂದು 1, ಮತ್ತೆ 3, 3. ಆ ಒಂದು ಅವಕಾಶವನ್ನು ನೀವು ಆರನೇ ಸ್ಥಾನದಲ್ಲಿ ಬಳಸಿದ್ದೀರಿ. ಇನ್ನು 3ರಿಂದ ಶುರು ಮಾಡಿದರೆ ಎರಡನೇ ಅಂಕಿ 1 ಅಥವಾ 7 ಆಗಲೇಬೇಕು, ಇಲ್ಲದಿದ್ದರೆ 33, 39 ಅಂತ ಮೊದಲ ಹೆಜ್ಜೆಗೇ ಮುಗಿಯಿತು. 31, 37 ಆದ ಮೇಲೆ ಅವರಿಗೂ 7ರವರ ಹಾಗೇ ಇನ್ನೊಂದೇ ಅವಕಾಶ.

5ರಿಂದ ಹೊರಡುವ ಕವಲು ಚಿಕ್ಕದು, ಕಾಗದದ ಮೇಲೆ ಪೂರ್ತಿ ಬರೆಯಬಹುದು. 5ರಿಂದ 53 ಮತ್ತು 59. 53ಕ್ಕೆ 3 ಹಾಕಿದರೆ 533, ಅದು 13×41. 9 ಹಾಕಿದರೆ 539, ಅದು 7×7×11. ಹಾಗಾಗಿ 53 ಅಲ್ಲಿಗೇ ಮುಗಿಯಿತು. 59ರಿಂದ 593, 599 ಎರಡೂ ಪ್ರೈಮ್. 599ರಿಂದ 5993 = 13×461, 5999 = 7×857, ಅದೂ ಮುಗಿಯಿತು. 593ರಿಂದ 5933 = 17×349 ಕೆಟ್ಟಿತು, 5939 ಉಳಿಯಿತು. ಈ ಮಟ್ಟದಲ್ಲಿ ಇಡೀ ಕವಲು ಒಂದೇ ಒಂದು ಸಂಖ್ಯೆಯ ಮೇಲೆ ನಿಂತಿದೆ! ಅದು 59393, 59399 ಅಂತ ಮತ್ತೆ ಎರಡಾಗುತ್ತದೆ. ಮುಂದೆ 593939 = 47×12637 ಹೋಯಿತು, 593999 = 7×84857 ಹೋಯಿತು, ಉಳಿದದ್ದು 593933 ಮತ್ತು 593993. ಎರಡನೆಯದಕ್ಕೆ ಮುಂದೆ ದಾರಿ ಇಲ್ಲ. ಮೊದಲನೆಯದು 5939333, 59393339 ಅಂತ ಎಂಟು ಅಂಕಿಗೆ ಬಂದು ನಿಲ್ಲುತ್ತದೆ. 5ರ ಕವಲಿನಲ್ಲಿ ಒಟ್ಟು 12 ಸಂಖ್ಯೆ. ನಾನು ಮಕ್ಕಳಿಗೆ ಭಾಗಾಕಾರ ಅಭ್ಯಾಸಕ್ಕೆ ಇದನ್ನೇ ಕೊಡುತ್ತೇನೆ, ಸುಮ್ನೆ ಐವತ್ತು ಭಾಗಾಕಾರ ಮಾಡಿ ಅಂದರೆ ಮುಖ ಸಿಂಡರಿಸುವ ಮಕ್ಕಳು ಇದಕ್ಕೆ ಬಿಡದೆ ಕೂರುತ್ತಾರೆ.

ಅಂಕಿಆಟ:

ಮೇಷ್ಟ್ರೇ, ಶೇಷದ ಲೆಕ್ಕ ಓದಿ ತುಂಬಾ ಖುಷಿಯಾಯ್ತು. ನನ್ನ ಸಾಲಿನಲ್ಲಿ 3 ಮತ್ತು 9 ಯಾಕೆ ಅಷ್ಟು ಸಲ ಬರುತ್ತಿವೆ ಅಂತ ನೋಡುತ್ತಲೇ ಇದ್ದೆ, ಈಗ ಗೊತ್ತಾಯ್ತು. ಆದರೆ ಇದು 73939133ಕ್ಕೆ ನಿಲ್ಲುತ್ತದೆ ಅನ್ನೋದಕ್ಕೆ ಸಾಬೀತು ಏನು? ಯಾರೋ ಕಂಪ್ಯೂಟರ್‌ನಲ್ಲಿ ಹುಡುಕಿದರು, ಸಿಗಲಿಲ್ಲ, ಅಷ್ಟೇನಾ? ಸಿಗಲಿಲ್ಲ ಅನ್ನೋದು ಬೇರೆ, ಇಲ್ಲ ಅನ್ನೋದು ಬೇರೆ ಅಲ್ವಾ?

ಕೋಡ್‌ಕಟ್ಟೆ:

ಸಾಮಾನ್ಯವಾಗಿ ನೀವು ಹೇಳಿದ್ದು ಸರಿ. ಆದರೆ ಈ ಲೆಕ್ಕದಲ್ಲಿ ಹುಡುಕಾಟವೇ ಸಾಬೀತು. ಯಾಕಂದ್ರೆ ಒಂಬತ್ತು ಅಂಕಿಯ ಒಂದು ಸಂಖ್ಯೆ ಈ ನಿಯಮಕ್ಕೆ ಹೊಂದಬೇಕಾದರೆ ಅದರ ಕೊನೆಯ ಅಂಕಿ ಅಳಿಸಿದಾಗ ಸಿಗುವ ಎಂಟು ಅಂಕಿಯದ್ದೂ ಹೊಂದಲೇಬೇಕು. ಎಂಟು ಅಂಕಿಯವು ಎಷ್ಟು ಅಂತ ಪೂರ್ತಿ ಪಟ್ಟಿ ಕೈಯಲ್ಲಿದ್ದರೆ, ಒಂದೊಂದಕ್ಕೂ 1, 3, 7, 9 ಹಾಕಿ ನೋಡಿದರೆ ಮುಗಿಯಿತು. ಅದರಲ್ಲಿ ಒಂದೂ ಪ್ರೈಮ್ ಬರದಿದ್ದರೆ ಒಂಬತ್ತು ಅಂಕಿಯದ್ದು ಇಲ್ಲ. ಒಂಬತ್ತರದ್ದು ಇಲ್ಲ ಅಂದಮೇಲೆ ಹತ್ತರದ್ದೂ ಇಲ್ಲ, ನೂರರದ್ದೂ ಇಲ್ಲ. ತಪ್ಪಿಸಿಕೊಳ್ಳೋದಕ್ಕೆ ಜಾಗವೇ ಇಲ್ಲ.

ಪ್ರೋಗ್ರಾಮ್ ಬರೆಯೋದೂ ಬಹಳ ಸುಲಭ. ಒಂದು ಪಟ್ಟಿಯಲ್ಲಿ 2, 3, 5, 7 ಇಡಿ. ಪಟ್ಟಿಯಲ್ಲಿರುವ ಪ್ರತಿ ಸಂಖ್ಯೆಯನ್ನು 10ರಿಂದ ಗುಣಿಸಿ 1, 3, 7, 9 ಕೂಡಿ, ಪ್ರೈಮ್ ಆದದ್ದನ್ನು ಹೊಸ ಪಟ್ಟಿಗೆ ಹಾಕಿ. ಹೊಸ ಪಟ್ಟಿ ಖಾಲಿಯಾಗುವವರೆಗೆ ಇದನ್ನೇ ಮಾಡಿ. ಪೈಥಾನ್‌ನಲ್ಲಿ ಹತ್ತು ಹನ್ನೆರಡು ಸಾಲು, ಓಡಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಒಂದು ಅಂಕಿಯವು 4, ಎರಡಂಕಿಯವು 9, ಮೂರಂಕಿಯವು 14, ನಾಲ್ಕಂಕಿಯವು 16, ಆಮೇಲೆ ಇಳಿಯುತ್ತಾ 15, 12, 8, ಕೊನೆಗೆ ಎಂಟಂಕಿಯವು 5. ಒಂಬತ್ತಕ್ಕೆ ಸೊನ್ನೆ. ಒಟ್ಟು 83. ಶುರುವಿನ ಅಂಕಿ ಪ್ರಕಾರ ಹಂಚಿದರೆ 2ರಿಂದ 24, 3ರಿಂದ 23, 5ರಿಂದ 12, 7ರಿಂದ 24.

ಆ ಕೊನೆಯ ಐದು ಇವು: 23399339, 29399999, 37337999, 59393339, 73939133.

ಇದಕ್ಕೆ ದೊಡ್ಡ ಕಂಪ್ಯೂಟರ್ ಬೇಕಾಗಿಲ್ಲ. 83 ಸಂಖ್ಯೆಗೆ ತಲಾ ನಾಲ್ಕು ಅಂಕಿ ಅಂದರೆ ಒಟ್ಟು 332 ಸಂಖ್ಯೆ ಪರೀಕ್ಷಿಸಬೇಕು, ಅದರಲ್ಲೂ ಮೇಷ್ಟ್ರು ಹೇಳಿದ 3ರ ಲೆಕ್ಕದಿಂದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನೋಡುವುದಕ್ಕೇ ಮುಂಚೆ ಉದುರುತ್ತವೆ. 73939133 ಪ್ರೈಮ್ ಹೌದೋ ಅಲ್ಲವೋ ಅಂತ ಕೈಯಲ್ಲೇ ನೋಡಬೇಕಾದರೆ ಅದರ ವರ್ಗಮೂಲ ಸುಮಾರು 8599, ಅಲ್ಲಿಯವರೆಗಿನ ಸಾವಿರದ ಚಿಲ್ಲರೆ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಬೇಸರ ಬರಬಹುದು, ಅಸಾಧ್ಯ ಅಲ್ಲ.

ನನಗೆ ಈ ಪಟ್ಟಿಯಲ್ಲಿ ತುಂಬಾ ಇಷ್ಟವಾದ ಜಾಗ ಒಂದಿದೆ, ಅದು ನಿಮ್ಮ ದಾರಿಯಲ್ಲೇ ಸಿಗುತ್ತದೆ. 73939 ಆದ ಮೇಲೆ 739391, 739393, 739397, 739399 ನಾಲ್ಕೂ ಪ್ರೈಮ್! ಇಡೀ ಪಟ್ಟಿಯಲ್ಲಿ ನಾಲ್ಕೂ ಅಂಕಿ ಕೆಲಸ ಮಾಡುವ ಸಂಖ್ಯೆ ಇದೊಂದೇ. ಅಷ್ಟಾಗಿಯೂ 739397 ಮತ್ತು 739399 ಅಲ್ಲಿಗೇ ನಿಲ್ಲುತ್ತವೆ, ಉಳಿದೆರಡೇ ಮುಂದೆ ಹೋಗೋದು.

ಅಂಕಿಆಟ:

ಈಗ ಒಪ್ಪಿದೆ, ಇದು ಸಾಬೀತೇ. 4, 9, 14, 16, 15, 12, 8, 5 ಅನ್ನೋ ಏರಿಳಿತ ನೋಡಿ ಇನ್ನೊಂದು ಪ್ರಶ್ನೆ ಬಂತು. ನಾಲ್ಕಂಕಿವರೆಗೆ ಏರಿ ಆಮೇಲೆ ಇಳಿಯೋದು ಸುಮ್ನೆ ಹಾಗೆ ಆಗಿದ್ದಾ, ಅಥವಾ ಮೊದಲೇ ಹೇಳಬಹುದಿತ್ತಾ?

ಶೇಷಶೂನ್ಯ:

ಮೊದಲೇ ಹೇಳಬಹುದು, ಅದೇ ಇದರಲ್ಲಿ ಚೆಂದ. ಅವಿಭಾಜ್ಯಗಳಿಗೆ ಕೊನೆ ಇಲ್ಲ ನಿಜ, ಆದರೆ ಮುಂದೆ ಹೋದಂತೆ ಅವು ವಿರಳವಾಗುತ್ತವೆ. ಒಂದು ಸಂಖ್ಯೆಯ ಆಸುಪಾಸಿನಲ್ಲಿ ಪ್ರೈಮ್ ಸಿಗುವ ಪ್ರಮಾಣ ಸುಮಾರು ಆ ಸಂಖ್ಯೆಯ ಸಹಜ ಲಾಗರಿದಮ್‌ಗೆ (ಸುಮಾರು 2.718ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ ಆ ಸಂಖ್ಯೆ ಬರುತ್ತದೋ ಅದು) ಒಂದು. ಸಾವಿರದ ಹತ್ತಿರ ಏಳಕ್ಕೊಂದು, ಕೋಟಿಯ ಹತ್ತಿರ ಹದಿನಾರಕ್ಕೊಂದು. ಅಂಕಿ ಒಂದು ಜಾಸ್ತಿಯಾದರೆ ಲಾಗರಿದಮ್ 2.3ರಷ್ಟು ಏರುತ್ತದೆ.

ಆದರೆ ನಾವು ಎಲ್ಲ ಸಂಖ್ಯೆಗಳನ್ನೂ ನೋಡುತ್ತಿಲ್ಲ. 2, 3, 5ರಿಂದ ಭಾಗವಾಗದವನ್ನು ಮಾತ್ರ ನೋಡುತ್ತಿದ್ದೇವೆ. ಪ್ರತಿ 30 ಸಂಖ್ಯೆಗಳಲ್ಲಿ ಅಂಥವು 8. ಹಾಗಾಗಿ ಅವು ಪ್ರೈಮ್ ಆಗುವ ಸಾಧ್ಯತೆ 30/8, ಅಂದರೆ 3.75 ಪಟ್ಟು ಜಾಸ್ತಿ. ಮೇಷ್ಟ್ರು ಹೇಳಿದ ಪ್ರಕಾರ ಕೊನೆಗೆ ಪ್ರತಿ ಸಂಖ್ಯೆಗೂ ಉಳಿಯುವುದು 3 ಮತ್ತು 9, ಎರಡೇ ಅವಕಾಶ. ಎರಡರಿಂದ ಗುಣಿಸಿದರೆ 7.5. ಅಂದರೆ ಒಂದು ಸಂಖ್ಯೆಯಿಂದ ಮುಂದಿನ ಮಟ್ಟಕ್ಕೆ ಹುಟ್ಟುವ ಪ್ರೈಮ್‌ಗಳ ಸರಾಸರಿ ಸುಮಾರು 7.5ನ್ನು ಲಾಗರಿದಮ್‌ನಿಂದ ಭಾಗಿಸಿದಷ್ಟು. ಈ ಸರಾಸರಿ 1ಕ್ಕಿಂತ ಮೇಲಿದ್ದರೆ ಪಟ್ಟಿ ಬೆಳೆಯುತ್ತದೆ, ಕೆಳಗಿಳಿದರೆ ಕರಗುತ್ತದೆ. ಲಾಗರಿದಮ್ 7.5 ಆಗೋದು ಸುಮಾರು 1800ರ ಹತ್ತಿರ. ನಾಲ್ಕಂಕಿ! ಕೋಡ್‌ಕಟ್ಟೆಯವರ ಪಟ್ಟಿ 16ಕ್ಕೆ ಏರಿ ತಿರುಗಿದ್ದೂ ಅಲ್ಲೇ.

ಅಲ್ಲಿಂದ ಮುಂದೆ ನಿಜವಾದ ಪಟ್ಟಿ ಈ ಅಂದಾಜಿಗಿಂತ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ಯಾಕಂದ್ರೆ 3 ಮತ್ತು 7ರಿಂದ ಹೊರಟ ಕೆಲವರ ಹತ್ತಿರ ಆ 1 ಅಥವಾ 7 ಹಾಕುವ ಅವಕಾಶ ಇನ್ನೂ ಬಾಕಿ ಇರುತ್ತದೆ. ಒಂಬತ್ತನೇ ಮಟ್ಟದಲ್ಲಿ ಲಾಗರಿದಮ್ ಸುಮಾರು 20, ಸರಾಸರಿ 0.37. ಐದು ಸಂಖ್ಯೆಗಳಿಂದ ಎರಡು ಹುಟ್ಟಬಹುದಿತ್ತು ಅಂತ ಅಂದಾಜು ಹೇಳುತ್ತದೆ, ಹುಟ್ಟಲಿಲ್ಲ. ಒಂದೆರಡು ಹುಟ್ಟಿದ್ದರೂ ಇನ್ನೊಂದೆರಡು ಮಟ್ಟ ಎಳೆಯುತ್ತಿತ್ತು ಅಷ್ಟೇ. ಸೇರಿಸಬಹುದಾದ ಅಂಕಿಗಳು ಎಷ್ಟು ದೂರ ಹೋದರೂ ಅಷ್ಟೇ ಇರುತ್ತವೆ, ಪ್ರೈಮ್‌ಗಳು ವಿರಳವಾಗುತ್ತಲೇ ಹೋಗುತ್ತವೆ. ನೀವು ಕೇಳಿದ ಕಾರಣ ಇದೇ.

ಒಂದು ಮಾತು ಮಾತ್ರ ನೆನಪಿರಲಿ. ನಾನು ಬರೆದದ್ದು ಅಂದಾಜು, ಸಾಬೀತಲ್ಲ. ಸಾಬೀತು ಅಂದರೆ ಕೋಡ್‌ಕಟ್ಟೆಯವರು ಮಾಡಿದ ಪೂರ್ತಿ ಹುಡುಕಾಟ.

ಕಾಫಿಕಣ್ಣು:

ತುಂಬಾ ಚೆನ್ನಾಗಿದೆ ಚರ್ಚೆ. ಅಂಕಿ ಎಡಗಡೆ ಸೇರಿಸಿದರೆ ಏನಾಗುತ್ತದೆ? 7, 37, 137 ಹೀಗೆ?

ಶೇಷಶೂನ್ಯ:

ಕಾಫಿಕಣ್ಣು ಅವರೇ, ಅದು ಬೇರೆಯೇ ಲೋಕ. ಎಡಗಡೆ ಸೇರಿಸುವಾಗ ಕೊನೆಯ ಅಂಕಿ ಬದಲಾಗುವುದೇ ಇಲ್ಲ. 2 ಮತ್ತು 5 ಒಂಟಿಯಾಗಿಯೇ ಉಳಿಯುತ್ತವೆ, ಮಿಕ್ಕವೆಲ್ಲ 3 ಅಥವಾ 7ರಲ್ಲಿ ಕೊನೆಯಾಗುತ್ತವೆ. ಕೊನೆ ಒಮ್ಮೆ ಸರಿ ಇದ್ದರೆ 2 ಮತ್ತು 5ರ ಕಾಟ ಶಾಶ್ವತವಾಗಿ ತಪ್ಪಿತು. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ 1ರಿಂದ 9ರವರೆಗೆ ಒಂಬತ್ತೂ ಅಂಕಿ ಹಾಕಿ ನೋಡಬಹುದು. ಸೊನ್ನೆ ಹಾಕುವಂತಿಲ್ಲ ಅಂತ ನಿಯಮ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ 003 ಅಂಥವೂ ಒಳಗೆ ಬಂದುಬಿಡುತ್ತವೆ.

ಮೇಲಿನ ಅಂದಾಜನ್ನೇ ಇಲ್ಲಿ ಹಚ್ಚಿ. ಕೊನೆಯ ಅಂಕಿ ಸರಿ ಇರೋದರಿಂದ 2.5 ಪಟ್ಟು, ಅವಕಾಶ ಒಂಬತ್ತು, ಗುಣಿಸಿದರೆ 22.5. ಲಾಗರಿದಮ್ ಅಷ್ಟಾಗೋದು ಹತ್ತಂಕಿಯ ಸಂಖ್ಯೆಗಳಲ್ಲಿ. ಅಂದರೆ ಅಲ್ಲಿಯವರೆಗೆ ಪಟ್ಟಿ ಬೆಳೆಯಬೇಕು, ಆಮೇಲೆ ಇಳಿಯಬೇಕು. ನಿಜವಾದ ಎಣಿಕೆಯಲ್ಲಿ ಒಂಬತ್ತಂಕಿಯವು 545, ಅದೇ ಅತಿ ಹೆಚ್ಚು, ಹತ್ತಂಕಿಯವು 517. ಅಂದಾಜು ಎಷ್ಟು ಹತ್ತಿರ ಬಂದಿದೆ ನೋಡಿ! ಒಟ್ಟು 4260 ಸಂಖ್ಯೆಗಳಿವೆ, ಅತಿ ದೊಡ್ಡದಕ್ಕೆ 24 ಅಂಕಿ: 357686312646216567629137. ಇದರ ಎಡಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತಾ ಬನ್ನಿ, ಕೊನೆಗೆ 137, 37, 7 ಉಳಿಯುವವರೆಗೂ ಎಲ್ಲವೂ ಪ್ರೈಮ್. ಏಂಜೆಲ್ ಮತ್ತು ಗಾಡ್ವಿನ್ ಅನ್ನುವ ಇಬ್ಬರು 1977ರಲ್ಲೇ ಈ ಲೆಕ್ಕ ಪ್ರಕಟಿಸಿದ್ದರು. ಆಗಿನ ಕಂಪ್ಯೂಟರ್‌ನಲ್ಲಿ 24 ಅಂಕಿಯ ಸಂಖ್ಯೆಗಳ ಜೊತೆ ಕೆಲಸ ಮಾಡೋದು ಅಂದರೆ ಸಣ್ಣ ಮಾತಲ್ಲ, ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಕೋಡ್‌ಕಟ್ಟೆ:

ಇದಕ್ಕೆ ಒಂದು ಸೇರಿಸುತ್ತೇನೆ. ಎರಡೂ ಕಡೆಯಿಂದ ಅಳಿಸಿದರೂ ಪ್ರೈಮ್ ಆಗೇ ಉಳಿಯುವವು ಒಟ್ಟು 15 ಇವೆ: 2, 3, 5, 7, 23, 37, 53, 73, 313, 317, 373, 797, 3137, 3797, 739397. ಕೊನೆಯದನ್ನ ಗುರುತು ಹಿಡಿದಿರಾ? 73939ರಿಂದ ಹುಟ್ಟಿದ ನಾಲ್ವರಲ್ಲಿ ಒಂದು. ಬಲಗಡೆಯಿಂದ ಅಳಿಸಿದರೆ 73939, 7393, 739, 73, 7. ಎಡಗಡೆಯಿಂದ ಅಳಿಸಿದರೆ 39397, 9397, 397, 97, 7.

ಹೊಸಪಾಟಿ:

ನಮಸ್ತೆ, ನಾನು ಪಿಯುಸಿ ವಿದ್ಯಾರ್ಥಿನಿ. ಪ್ರತಿ ಸಲ ಬೇರೆ ಬೇರೆ ಅಂಕಿ ಹಾಕುವ ಬದಲು ಒಂದೇ ಅಂಕಿಯನ್ನು ಮತ್ತೆ ಮತ್ತೆ ಹಾಕುತ್ತಾ ಹೋದರೆ? ಉದಾಹರಣೆಗೆ 7, 73, 733, 7333 ನಾಲ್ಕೂ ಪ್ರೈಮ್. ಇಂಥ ಸಾಲು ಯಾವತ್ತಾದರೂ ನಿಲ್ಲಲೇಬೇಕು ಅಂತ ಹುಡುಕಾಟ ಇಲ್ಲದೆ ತೋರಿಸೋಕೆ ಆಗುತ್ತಾ?

ಮಗ್ಗಿಮೇಷ್ಟ್ರು:

ಆಗುತ್ತದೆ ಮಗಳೇ, ಬಹಳ ಚೊಕ್ಕವಾಗಿ ಆಗುತ್ತದೆ. ನೀನು ಕೊಟ್ಟ 7ರ ಉದಾಹರಣೆಯನ್ನೇ ತಗೋ. 333333, ಅಂದರೆ ಆರು 3, ಇದನ್ನ 7ರಿಂದ ಭಾಗಿಸು. ಸರಿಯಾಗಿ 47619 ಬರುತ್ತದೆ. ಈಗ 7ರ ಮುಂದೆ ಆರು 3 ಬರೆದ ಸಂಖ್ಯೆ 7333333. ಅದು 7000000 ಕೂಡಿಸು 333333, ಎರಡೂ 7ರಿಂದ ಭಾಗವಾಗುತ್ತವೆ, ಹಾಗಾಗಿ ಮೊತ್ತವೂ ಭಾಗವಾಗುತ್ತದೆ. ಅಲ್ಲಿಗೆ ಸಾಲು ಮುರಿಯಲೇಬೇಕು. ಅದಕ್ಕೆ ಮುಂಚೆಯೇ ಮುರಿಯಬಹುದು, ಅದನ್ನು ದಾಟಿ ಮಾತ್ರ ಹೋಗಲ್ಲ.

ಇದು 7ಕ್ಕೆ ಮಾತ್ರ ಅಲ್ಲ. ಫರ್ಮಾ 1640ರಲ್ಲಿ ಹೇಳಿದ ಒಂದು ಪ್ರಮೇಯ ಇದೆ. ಅದರ ಪ್ರಕಾರ 2 ಮತ್ತು 5 ಬಿಟ್ಟು ಯಾವ ಅವಿಭಾಜ್ಯ ತಗೊಂಡರೂ, ಅದಕ್ಕಿಂತ ಒಂದು ಕಡಿಮೆ ಸಲ 9 ಬರೆದರೆ ಬರುವ ಸಂಖ್ಯೆ ಅದರಿಂದ ಭಾಗವಾಗುತ್ತದೆ. 7ಕ್ಕೆ ಆರು 9, 13ಕ್ಕೆ ಹನ್ನೆರಡು 9. ಅವಿಭಾಜ್ಯ 3 ಅಲ್ಲದಿದ್ದರೆ 9ನ್ನು ತೆಗೆದುಹಾಕಿ ಅಷ್ಟೇ ಸಲ 1 ಬರೆದರೂ ಮಾತು ನಿಲ್ಲುತ್ತದೆ, 1ಕ್ಕೆ ನಿಂತರೆ ಯಾವ ಅಂಕಿಗೂ ನಿಲ್ಲುತ್ತದೆ. ಆದ್ದರಿಂದ 7 ಅಥವಾ ಅದಕ್ಕಿಂತ ದೊಡ್ಡ ಯಾವ ಪ್ರೈಮ್‌ನಿಂದ ಶುರು ಮಾಡಿದರೂ, ಒಂದೇ ಅಂಕಿಯನ್ನು ಅಂಟಿಸುತ್ತಾ ಹೋದರೆ ಆ ಶುರುವಿನ ಪ್ರೈಮ್‌ನಿಂದಲೇ ಭಾಗವಾಗುವ ಸಂಖ್ಯೆ ಬಂದೇ ಬರುತ್ತದೆ. 2, 3, 5ರಿಂದ ಶುರು ಮಾಡಿದರೆ ಎರಡನೇ ಸಂಖ್ಯೆಯಿಂದ ಇದೇ ವಾದ ಹಚ್ಚು.

ಇನ್ನೂ ಒಂದು ಸೊಗಸಾದದ್ದು ಹೇಳುತ್ತೇನೆ. 37 ತಗೊಂಡು ಬರೀ 1 ಅಂಟಿಸುತ್ತಾ ಹೋಗು. 371 = 7×53. 3711 = 3×1237. 37111 = 37×1003. 371111 = 13×28547. 3711111 ಮತ್ತೆ 3ರಿಂದ ಭಾಗವಾಗುತ್ತದೆ. 37111111 ಮತ್ತೆ 37ರಿಂದ. 371111111 ಮತ್ತೆ 7ರಿಂದ. ಈ ಸಾಲಿನಲ್ಲಿ 37 ಬಿಟ್ಟರೆ ಒಂದೇ ಒಂದು ಪ್ರೈಮ್ ಕೂಡ ಬರುವುದಿಲ್ಲ, ಕೋಟಿ ಸಲ 1 ಅಂಟಿಸಿದರೂ ಬರುವುದಿಲ್ಲ. ಕಾರಣ ನೋಡು. 111 = 3×37, ಹಾಗಾಗಿ ಮೂರು ಮೂರು 1 ಸೇರಿಸಿದಾಗೆಲ್ಲ 37ರಿಂದ ಭಾಗವಾಗುತ್ತದೆ. 1ರ ಎಣಿಕೆಯನ್ನು 3ರಿಂದ ಭಾಗಿಸಿ ಶೇಷ 2 ಉಳಿದರೆ ಅಂಕಿಗಳ ಮೊತ್ತ 3ರ ಮಗ್ಗಿಗೆ ಬರುತ್ತದೆ. ಉಳಿದದ್ದು ಶೇಷ 1 ಇರುವ ಎಣಿಕೆಗಳು: 1, 4, 7, 10 ಹೀಗೆ. ಅದರಲ್ಲಿ 1, 7, 13 ಸರದಿ 7ರಿಂದ ಭಾಗವಾಗುತ್ತದೆ, 4, 10, 16 ಸರದಿ 13ರಿಂದ. ನಾಲ್ಕು ಸಣ್ಣ ಅವಿಭಾಜ್ಯಗಳು ಸೇರಿ ಕೊನೆಯಿಲ್ಲದ ಒಂದು ಸಾಲನ್ನ ಪೂರ್ತಿ ಮುಚ್ಚಿಬಿಟ್ಟಿವೆ. ಕಾಗದ ತಗೊಂಡು 7 ಮತ್ತು 13ರ ಶೇಷ ಒಂದೊಂದೇ ಬರೆದು ನೋಡು, ಆರು ಹೆಜ್ಜೆಗೊಮ್ಮೆ ಅವೇ ಶೇಷ ತಿರುಗಿ ಬರುವುದು ಕಾಣಿಸುತ್ತದೆ.

ಹೊಸಪಾಟಿ:

ಬರೆದು ನೋಡಿದೆ ಸರ್. 7ರ ಶೇಷ 2, 0, 1, 4, 6, 5 ಆಗಿ ಮತ್ತೆ 2. 13ರದ್ದು ನಾಲ್ಕನೇ ಹೆಜ್ಜೆಗೆ 0. ಎಷ್ಟು ಚೆನ್ನಾಗಿದೆ ಇದು!

ಅಂಕಿಆಟ:

ನನ್ನ ಮೊದಲ ಆಸೆ ಇನ್ನೂ ಹಾಗೇ ಇದೆ. ಯಾವುದಾದರೂ ರೀತಿಯಲ್ಲಿ ನಿಯಮ ಸಡಿಲಿಸಿದರೆ ಕೊನೆಯಿಲ್ಲದ ಸಾಲು ಸಿಗುತ್ತದಾ? ಒಂದು ಅಂಕಿ ಬದಲು ಎರಡಂಕಿ ಸೇರಿಸಬಹುದು ಅಂದರೆ?

ಶೇಷಶೂನ್ಯ:

ಎರಡಂಕಿ ಅಂದರೆ ದಾರಿ ಬಹಳ ಉದ್ದವಾಗುತ್ತದೆ. 53 ನಿಂತುಹೋಗಿತ್ತಲ್ಲ, ಎರಡಂಕಿ ಸೇರಿಸಲು ಬಿಟ್ಟರೆ 5303 ಅಂತ ಮುಂದೆ ಹೋಗುತ್ತದೆ. ಆದರೆ ಎರಡು, ಹತ್ತು, ಸಾವಿರ, ಎಷ್ಟೇ ಅಂಕಿ ಅಂತ ಮಿತಿ ಇಟ್ಟರೂ ಅವಕಾಶಗಳ ಎಣಿಕೆಗೆ ಮಿತಿ ಇದ್ದೇ ಇರುತ್ತದೆ, ಲಾಗರಿದಮ್‌ಗೆ ಮಿತಿ ಇಲ್ಲ. ಮೇಲಿನ ಅಂದಾಜು ಹೇಳುವ ಪ್ರಕಾರ ಎಲ್ಲೋ ಒಂದು ಕಡೆ ಪಟ್ಟಿ ಕರಗಲು ಶುರುವಾಗಲೇಬೇಕು.

ಮಿತಿಯನ್ನೇ ತೆಗೆದುಹಾಕಿದರೆ, ಅಂದರೆ ಪ್ರತಿ ಹೆಜ್ಜೆಯಲ್ಲಿ ಬೇಕಾದಷ್ಟು ಅಂಕಿ ಸೇರಿಸಬಹುದು ಅಂದರೆ, ಸಾಲು ಯಾವತ್ತೂ ನಿಲ್ಲುವುದಿಲ್ಲ. ಇದು ಅಂದಾಜಲ್ಲ, ಸಾಬೀತಾದದ್ದು. 1896ರಲ್ಲಿ ಹಡಮಾರ್ ಮತ್ತು ದ ಲಾ ವಾಲೇ ಪೂಸ್ಸ್ಯಾಂ ಬೇರೆ ಬೇರೆಯಾಗಿ ಸಾಧಿಸಿದ ಅವಿಭಾಜ್ಯ ಸಂಖ್ಯಾ ಪ್ರಮೇಯದಿಂದ ನೇರವಾಗಿ ಬರುತ್ತದೆ. ಯಾವ ಸಂಖ್ಯೆ ತಗೊಂಡರೂ, ಅದರಿಂದ ಶುರುವಾಗುವ ಪ್ರೈಮ್ ಇದ್ದೇ ಇರುತ್ತದೆ. ನಿಮ್ಮ ಫೋನ್ ನಂಬರ್ ಬರೆದು ಮುಂದೆ ಸಾಕಷ್ಟು ಅಂಕಿ ಸೇರಿಸಿದರೆ ಪ್ರೈಮ್ ಆಗುತ್ತದೆ. ಆ ಪ್ರೈಮ್‌ನ ಮುಂದೆ ಮತ್ತೆ ಸೇರಿಸಿ, ಇನ್ನೊಂದು. ಹಾಗಾಗಿ ನೀವು ಬಯಸಿದ ಕೊನೆಯಿಲ್ಲದ ಸಾಲು ಖಂಡಿತ ಇದೆ, ಅದೂ ಒಂದಲ್ಲ, ಲೆಕ್ಕವಿಲ್ಲದಷ್ಟು.

ಪ್ರತಿ ಸಲ ಎಷ್ಟು ಅಂಕಿ ಸಾಕು ಅನ್ನೋದು ಕಷ್ಟದ ಪ್ರಶ್ನೆ. ಕೈಯಲ್ಲಿರುವ ಸಂಖ್ಯೆಗೆ ಎಷ್ಟು ಅಂಕಿ ಇದೆಯೋ ಅದರ ಎರಡರಷ್ಟು ಸೇರಿಸಲು ಬಿಟ್ಟರೆ ಸಾಕು ಅಂತ, ಸಾಕಷ್ಟು ದೊಡ್ಡ ಸಂಖ್ಯೆಗಳಿಗೆ, ಸಾಬೀತಾಗಿದೆ. ಇದೇ ಆಲೋಚನೆಯ ಅಣ್ಣ ಒಂದಿದೆ. ಮಿಲ್ಸ್ ಅನ್ನುವ ಗಣಿತಜ್ಞ 1947ರಲ್ಲಿ ಅಂಕಿ ಸೇರಿಸುವ ಬದಲು ಘನ ತಗೊಂಡರು. 2ರ ಘನ 8, ಅದರ ನಂತರದ ಪ್ರೈಮ್ 11. 11ರ ಘನ 1331, ನಂತರದ ಪ್ರೈಮ್ 1361. 1361ರ ಘನ 2521008881, ನಂತರದ ಪ್ರೈಮ್ 2521008887. ಈ ಇಡೀ ಸಾಲನ್ನು 1.3063778 ಅಂತ ಶುರುವಾಗುವ ಒಂದೇ ಸಂಖ್ಯೆಯಿಂದ ಹುಟ್ಟಿಸಬಹುದು: ಅದರ 3ನೇ ಘಾತ, 9ನೇ ಘಾತ, 27ನೇ ಘಾತ ತಗೊಂಡು ದಶಮಾಂಶ ಭಾಗ ಬಿಟ್ಟುಬಿಟ್ಟರೆ 2, 11, 1361 ಬರುತ್ತವೆ.

ಕೋಡ್‌ಕಟ್ಟೆ:

ಕೊನೆಗೊಂದು, ಬರೆದುನೋಡಲು ಇಷ್ಟ ಇರುವವರಿಗೆ. ನಾವು ಇಷ್ಟು ಹೊತ್ತು ಮಾತಾಡಿದ್ದೆಲ್ಲ ಹತ್ತರ ಪದ್ಧತಿಯ ಮಾತು. ಬೈನರಿಯಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿ ಇರುವ ಎರಡರ ಪದ್ಧತಿಯಲ್ಲಿ, ಬಲಗಡೆ ಹಾಕಬಹುದಾದ ಅಂಕಿ 1 ಒಂದೇ. ಬಲಗಡೆ 1 ಹಾಕೋದು ಅಂದರೆ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡೋದು. 2, 5, 11, 23, 47, ಆಮೇಲೆ 95 ಕೆಟ್ಟಿತು. 89ರಿಂದ ಶುರು ಮಾಡಿದರೆ 89, 179, 359, 719, 1439, 2879 ಆರು ಸಿಗುತ್ತವೆ. ಇವಕ್ಕೆ ಕನ್ನಿಂಗ್‌ಹ್ಯಾಮ್ ಸರಣಿ ಅಂತ ಹೆಸರಿದೆ, ಇವುಗಳ ಮೇಲೆ ಇವತ್ತಿಗೂ ಜನ ಕೆಲಸ ಮಾಡುತ್ತಿದ್ದಾರೆ. ಮೇಷ್ಟ್ರು ಹೊಸಪಾಟಿಗೆ ಹೇಳಿದ ವಾದ ಇಲ್ಲೂ ನಡೆಯುತ್ತದೆ, ಹಾಗಾಗಿ ಇಂಥ ಒಂದು ಸಾಲೂ ಕೊನೆಯಿಲ್ಲದೆ ಹೋಗಲ್ಲ.

ಮೂರರ ಪದ್ಧತಿಯಲ್ಲಿ ಇಡೀ ಪಟ್ಟಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಒಂದಂಕಿಯ ಪ್ರೈಮ್ 2 ಮಾತ್ರ. ಮೂರರಿಂದ ಗುಣಿಸಿ 1 ಅಥವಾ 2 ಕೂಡಬೇಕು. 2ರಿಂದ 7 ಮತ್ತು 8, ಉಳಿದದ್ದು 7. 7ರಿಂದ 22 ಮತ್ತು 23, ಉಳಿದದ್ದು 23. 23ರಿಂದ 70 ಮತ್ತು 71, ಉಳಿದದ್ದು 71. 71ರಿಂದ 214 ಮತ್ತು 215, ಎರಡೂ ಕೆಟ್ಟವು. ಒಟ್ಟು ನಾಲ್ಕೇ ಸಂಖ್ಯೆ: 2, 7, 23, 71. ಐದರ ಪದ್ಧತಿ, ಎಂಟರ ಪದ್ಧತಿ ಕೈಯಲ್ಲೇ ಮಾಡಿ ನೋಡಬಹುದು. ಮಾಡಿದವರು ಪಟ್ಟಿ ಇಲ್ಲೇ ಹಾಕಿ, ನಾನು ಪ್ರೋಗ್ರಾಮ್ ಓಡಿಸಿ ತಾಳೆ ನೋಡುತ್ತೇನೆ.